315 ಬೋರ್: ಒಂದು ಹಿತ್ತಾಳೆ ಹೆಗಲಿನ ಕಥೆ

ಈ ವಾರದ ವಿಡಿಯೋದ ಬರಹರೂಪ ಇದು. ಮಾತಾಡೋವಾಗ ಅವಸರದಲ್ಲಿ ಬಿಟ್ಟುಹೋದ ಒಂದೆರಡು ಲೆಕ್ಕಗಳನ್ನ ಇಲ್ಲಿ ಸೇರಿಸಿದ್ದೀನಿ. ವಿಡಿಯೋ ನೋಡಿದವರೂ ಒಮ್ಮೆ ಓದಿ, ನೋಡದವರು ಆಫೀಸ್ ಕ್ಯಾಬ್‌ನಲ್ಲಿ ಕೂತು ಓದಿ.

ವಿಷಯ ಶುರುವಾಗಿದ್ದು ನಮ್ಮ ಮನೇಲೇ. ಇಂದಿರಾಪುರಂನಲ್ಲಿ ಇರೋರಿಗೆ ನವೆಂಬರ್ ಬಂತು ಅಂದ್ರೆ ಏನು ಅಂತ ಗೊತ್ತು. ಹೊಗೆ, ಮತ್ತೆ ಮದುವೆ. ರಾತ್ರಿ ಹನ್ನೊಂದಕ್ಕೆ ಬ್ಯಾಂಡು, ಕುದುರೆ ಮೇಲೆ ಮದುಮಗ, ನಡುನಡುವೆ ಪಟಾಕಿ. ಎಲ್ಲ ಸದ್ದೂ ಪಟಾಕಿಯದ್ದಲ್ಲ ಅಂತ ಇಲ್ಲಿಗೆ ಬಂದ ಎರಡನೇ ವರ್ಷಕ್ಕೆ ಗೊತ್ತಾಗುತ್ತೆ. ಕಳೆದ ಚಳಿಗಾಲದಲ್ಲಿ ಅಂಥದ್ದೊಂದು ಮೆರವಣಿಗೆ ನಮ್ಮ ಸೊಸೈಟಿ ಗೇಟಿನ ಮುಂದೆ ಹಾದುಹೋಯ್ತು. ಮರುದಿನ ಬೆಳಗ್ಗೆ ನಾಲ್ಕು ವರ್ಷದ ಮಗಳು ಗೇಟಿನ ಹತ್ತಿರ ಆಡ್ತಾ ಇದ್ದವಳು ಏನೋ ಹೆಕ್ಕಿಕೊಂಡು ಬಂದು, "ಅಪ್ಪಾ, ಪುಟ್ಟ ಬಿಂದಿಗೆ" ಅಂತ ಕೈಗೆ ಕೊಟ್ಟಳು.

ಹಿತ್ತಾಳೆಯದು. ಬೆರಳುದ್ದ ಕೂಡ ಇಲ್ಲ. ಕೆಳಗೆ ಅಂಚು, ಮೇಲೆ ಉದ್ದನೆಯ ಮೈ, ಆಮೇಲೆ ಇಳಿಜಾರಾದ ಹೆಗಲು, ಅದರ ಮೇಲೆ ಸಪೂರ ಕತ್ತು. ನಿಜಕ್ಕೂ ಬಿಂದಿಗೆ ಥರಾನೇ ಇತ್ತು. ಗೇಟಿನಲ್ಲಿದ್ದ ಕಾವಲುಗಾರರು ಸೈನ್ಯದಿಂದ ನಿವೃತ್ತರಾದವರು. ಕೈಗೆ ತಗೊಂಡು, ತಿರುಗಿಸಿ ಕೂಡ ನೋಡದೆ, "ತೀನ್ ಸೌ ಪಂದ್ರಾ" ಅಂದ್ರು. 315 ಬೋರ್. ಹಾರಿಸಿದ ತೋಟಾದ ಖಾಲಿ ಕೋಶ.

ಅಂದರೆ ಒಳಗಿದ್ದ ಗುಂಡು ಮೇಲೆ ಹೋಗಿದೆ. ಮೇಲೆ ಹೋದದ್ದು ಎಲ್ಲೋ ಒಂದು ಕಡೆ ಕೆಳಗೂ ಬಂದಿದೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಂಜಿನಿಯರ್ ಬುದ್ಧಿ ನೋಡಿ, ಭಯಕ್ಕಿಂತ ಮೊದಲು ಪ್ರಶ್ನೆ ಬಂತು. ಯಾಕೆ 315? ಪೊಲೀಸರ ಹಳೇ ರೈಫಲ್ 303. ಸೈನ್ಯದ್ದು 7.62, 5.56. ಉತ್ತರಪ್ರದೇಶದ ಪೇಪರ್ ತೆರೆದರೆ ಮಾತ್ರ ಎಲ್ಲಿ ನೋಡಿದರೂ "315 ಬೋರ್". ಲೈಸೆನ್ಸ್ ರೈಫಲ್ಲೂ 315, ಕಳ್ಳತನದಲ್ಲಿ ತಯಾರಾಗೋ ನಾಡಕಟ್ಟಾನೂ 315. ಈ ಸಂಖ್ಯೆ ಎಲ್ಲಿಂದ ಬಂತು? ಉತ್ತರ ಹುಡುಕ್ತಾ ಹೋದರೆ ಅದು ಬಂದು ನಿಂತಿದ್ದು ಆ ಪುಟ್ಟ ಬಿಂದಿಗೆಯ ಹೆಗಲಿನಲ್ಲೇ.

ಹೆಗಲು ಇಲ್ಲದ ಕಾಲ

ಸ್ವಲ್ಪ ಹಿಂದಕ್ಕೆ ಹೋಗೋಣ, ದೂರ ಬೇಡ. ನಮ್ಮ ಇಂದಿರಾಪುರಂ ಇರೋದು ಹಿಂಡನ್ ನದಿಯ ದೆಹಲಿ ಕಡೆಯ ದಡದಲ್ಲಿ. ಗಾಜಿಯಾಬಾದ್ ಜಿಲ್ಲೆ ಹುಟ್ಟಿದ್ದೇ 1976ರ ನವೆಂಬರ್ 14ಕ್ಕೆ, ಅದಕ್ಕೆ ಮೊದಲು ಇದೆಲ್ಲ ಮೀರತ್ ಜಿಲ್ಲೆ. ಮೀರತ್ ಅಂದ ಕೂಡಲೇ ಶಾಲೆಯ ಇತಿಹಾಸ ಪಾಠ ನೆನಪಾಗಬೇಕು. 1857ರ ಮೇ 10. ಎನ್‌ಫೀಲ್ಡ್ ಬಂದೂಕಿನ ತೋಟಾ, ಅದಕ್ಕೆ ಸವರಿದ ಕೊಬ್ಬು, ಹಲ್ಲಿನಿಂದ ಕಚ್ಚಿ ಹರಿಯಬೇಕು ಅನ್ನೋ ಕವಾಯತು. ಅದಾಗಿ ಮೂರು ವಾರಕ್ಕೆ, ಮೇ 30 ಮತ್ತು 31ರಂದು, ಮೀರತ್‌ನಿಂದ ದೆಹಲಿಗೆ ಹೊರಟ ಬ್ರಿಟಿಷ್ ದಳಕ್ಕೂ ದೆಹಲಿಯಿಂದ ಬಂದ ಸಿಪಾಯಿಗಳಿಗೂ ಇದೇ ಹಿಂಡನ್ ದಡದಲ್ಲಿ ಕದನ ಆಯ್ತು. ನಾವು ದಿನಾ ಎಕ್ಸ್‌ಪ್ರೆಸ್‌ವೇನಲ್ಲಿ ದಾಟೋ ನದಿ ಅದು.

ಆ ತೋಟಾ ಲೋಹದ್ದಲ್ಲ, ಕಾಗದದ್ದು. ಒಂದು ಪೊಟ್ಟಣದಲ್ಲಿ ಮದ್ದು, ಅದರ ತುದಿಗೆ ಸೀಸದ ಗುಂಡು. ಹರಿದು, ಮದ್ದು ಸುರಿದು, ಗುಂಡು ತಳ್ಳಿ, ಕೇಪು ಇಟ್ಟು ಹೊಡೀಬೇಕು. ಮಲೆನಾಡಿನ ಕಡೆಯವರಿಗೆ ಕೇಪಿನ ಕೋವಿ ಅಂದ್ರೆ ಗೊತ್ತಿರುತ್ತೆ, ಅದೇ ಪದ್ಧತಿ. ಕಾಗದಕ್ಕೆ ಹೆಗಲು ಎಲ್ಲಿಂದ ಬರಬೇಕು?

1866ರಲ್ಲಿ ಬ್ರಿಟಿಷರು ಅದೇ ಎನ್‌ಫೀಲ್ಡನ್ನ ಹಿಂದಿನಿಂದ ತೋಟಾ ಹಾಕೋ ಹಾಗೆ ಬದಲಾಯಿಸಿ ಸ್ನೈಡರ್ ಬಂದೂಕು ಮಾಡಿಕೊಂಡ್ರು. ಅದಕ್ಕೆ ತೆಳು ಹಿತ್ತಾಳೆ ಸುತ್ತಿದ .577 ಇಂಚಿನ ತೋಟಾ. ನೆಟ್ಟಗಿನ ಕೊಳವೆ, ಇನ್ನೂ ಹೆಗಲಿಲ್ಲ. ಹೆಗಲು ಬಂದಿದ್ದು 1871ರ ಮಾರ್ಟಿನಿ-ಹೆನ್ರಿಯಲ್ಲಿ. ಅಲ್ಲಿ ಗುಂಡು .450 ಇಂಚಿಗೆ ಸಣ್ಣದಾಯ್ತು, ಮದ್ದು ಮಾತ್ರ ಸುಮಾರು 5.5 ಗ್ರಾಂ ಬೇಕೇ ಬೇಕು. ಸಣ್ಣ ಕೊಳವೆಯಲ್ಲಿ ಅಷ್ಟು ಮದ್ದು ತುಂಬಿದರೆ ತೋಟಾ ಉದ್ದುದ್ದ ಆಗಿ, ಬಗ್ಗಿಹೋಗುತ್ತೆ. ಅದಕ್ಕೆ ಅವರು ಮಾಡಿದ್ದು ಸರಳ ಕೆಲಸ. ದಪ್ಪಗಿನ .577 ಕೋಶವನ್ನೇ ಇಟ್ಟುಕೊಂಡು, ಅದರ ಬಾಯನ್ನ .450ಗೆ ಹಿಂಡಿದ್ರು. ಹಿಂಡಿದ ಕಡೆ ಇಳಿಜಾರು ಆಯ್ತು. ಅದೇ ಹೆಗಲು. ಹೆಸರೂ ಹಾಗೇ ಬಂತು, .577/450. ತಾಯಿ ಕೋಶ ಮೊದಲು, ಗುಂಡು ಆಮೇಲೆ.

ಹೆಗಲಿನ ಕೆಲಸ ಏನು?

ಅಜ್ಜಿಮನೆಯ ತಾಮ್ರದ ಬಿಂದಿಗೆ ನೆನಪು ಮಾಡ್ಕೊಳ್ಳಿ. ಹೊಟ್ಟೆ ದೊಡ್ಡದು, ಬಾಯಿ ಚಿಕ್ಕದು. ನೀರು ಹೆಚ್ಚು ಹಿಡಿಯಬೇಕು, ತುಳುಕಬಾರದು. ರೈಫಲ್ ತೋಟಾದ ಹೆಗಲಿನ ಮೊದಲ ಕೆಲಸವೂ ಅದೇ. ಹೊಟ್ಟೆಯಲ್ಲಿ ಮದ್ದು ಹೆಚ್ಚು, ಬಾಯಲ್ಲಿ ಗುಂಡು ಸಣ್ಣ, ಹಾಗಾಗಿ ವೇಗ ಜಾಸ್ತಿ.

ಎರಡನೇ ಕೆಲಸ ಇನ್ನೂ ಸೂಕ್ಷ್ಮ. ತೋಟಾ ನಳಿಗೆಯ ಹಿಂಬದಿಯ ಗೂಡಿನಲ್ಲಿ ಕೂರಬೇಕು, ಒಂದೇ ಜಾಗದಲ್ಲಿ ನಿಲ್ಲಬೇಕು. ಮುಂದಕ್ಕೆ ಜಾರಬಾರದು. .303ರಂಥ ಅಂಚಿರುವ ತೋಟಾದಲ್ಲಿ ಆ ಅಂಚೇ ತಡೆಯುತ್ತೆ, ಹೆಗಲಿಗೆ ಅಷ್ಟು ಜವಾಬ್ದಾರಿ ಇಲ್ಲ. ಅಂಚು ಹೊರಚಾಚದ ತೋಟಾದಲ್ಲಿ, ಉದಾಹರಣೆಗೆ 7.62ರಲ್ಲಿ, ಹೆಗಲೇ ಗೂಡಿನ ಹೆಗಲಿಗೆ ಒರಗಿ ನಿಲ್ಲುತ್ತೆ. ಅಲ್ಲಿ ಹೆಗಲಿನ ಜಾಗ ಕೂದಲೆಳೆಯಷ್ಟು ತಪ್ಪಿದರೂ ಕೋಶ ಹಿಗ್ಗಿ, ಬುಡದ ಹತ್ತಿರ ತುಂಡಾಗಿ, ಬಿಸಿಗಾಳಿ ಹೊಡೆಯುವವನ ಮುಖಕ್ಕೇ ಬರಬಹುದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಹೆಗಲು ಅನ್ನೋದು ಇಂಟರ್‌ಫೇಸ್. ಎರಡೂ ಕಡೆಯವರು ಒಂದೇ ಅಳತೆ ಒಪ್ಪಿಕೊಂಡಿದ್ದರೆ ಸರಿ, ಒಬ್ಬರು ಹೇಳದೆ ಬದಲಾಯಿಸಿದರೆ ಪ್ರೊಡಕ್ಷನ್ ಕ್ರ್ಯಾಶ್.

ಹೇಳದೆ ಬದಲಾಯಿಸೋರು ಇದ್ದೇ ಇದ್ದರು. ಅಮೆರಿಕದಲ್ಲಿ ಅದಕ್ಕೆ "ವೈಲ್ಡ್‌ಕ್ಯಾಟ್" ಅಂತ ಹೆಸರು. ಯಾವ ಕಂಪನಿಯೂ ಮಾರದ, ಖಾಸಗಿ ಬಂದೂಕುಗಾರರು ಕಂಪನಿ ಕೋಶವನ್ನೇ ತಿದ್ದಿ ಮಾಡಿಕೊಂಡ ತೋಟಾ. ಬಾಯಿ ಹಿಂಡೋದು ಅಥವಾ ಅಗಲಿಸೋದು, ಹೆಗಲನ್ನ ಹಿಂದೆಮುಂದೆ ಸರಿಸೋದು, ಅದರ ಕೋನ ಕಡಿದು ಮಾಡೋದು. ಇಂಥ ಕೆಲಸಕ್ಕೆ ಹೆಸರಾದವರು ಪಾರ್ಕರ್ ಓಟೋ ಆಕ್ಲಿ (1903–1989). .30-06 ತೋಟಾದ ಹೆಗಲು 17.5 ಡಿಗ್ರಿ ಇಳಿಜಾರಾದ್ರೆ, ಆಕ್ಲಿಯ "ಸುಧಾರಿತ" ತೋಟಾಗಳದ್ದು 40 ಡಿಗ್ರಿ. ಮೈಯ ಓರೆಯನ್ನೂ ಆತ ನೆಟ್ಟಗೆ ಮಾಡಿದ.

ಲಾಭ ಎಷ್ಟು? ಇಲ್ಲಿ ಲೆಕ್ಕ ಕೇಳಿ. ಬಂದೂಕುಗಾರರಲ್ಲಿ ಒಂದು ಅಂದಾಜು ಸೂತ್ರ ಇದೆ. ಕೋಶದ ಒಳಜಾಗ ಎಷ್ಟು ಶೇಕಡಾ ಹೆಚ್ಚುತ್ತೋ, ಅದೇ ಒತ್ತಡದಲ್ಲಿ ವೇಗ ಅದರ ಕಾಲು ಭಾಗದಷ್ಟು ಮಾತ್ರ ಹೆಚ್ಚುತ್ತೆ. ಜಾಗ ಶೇ. 4 ಹೆಚ್ಚಿದರೆ ವೇಗ ಶೇ. 1. ಇಷ್ಟಕ್ಕಾ ಇಷ್ಟೆಲ್ಲ ಒದ್ದಾಟ ಅಂತ ಅನ್ನಿಸುತ್ತೆ. ಆದರೆ ಇನ್ನೊಂದು ಲಾಭ ಇತ್ತು. ಕಡಿದಾದ ಹೆಗಲು, ನೆಟ್ಟಗಿನ ಮೈ ಇದ್ದರೆ ಹಿತ್ತಾಳೆ ಪ್ರತಿಸಲ ಮುಂದಕ್ಕೆ ಹರಿದು ಉದ್ದ ಆಗೋದು ಕಡಿಮೆ. ಕೋಶ ಹೆಚ್ಚು ಸಲ ಬಾಳುತ್ತೆ. ನಷ್ಟವೂ ಇದೆ. ಓರೆ ಮೈ, ಜಾರು ಹೆಗಲಿನ ತೋಟಾ ಬೆಣೆ ಥರ ಸಲೀಸಾಗಿ ಗೂಡಿಗೆ ಇಳಿಯುತ್ತೆ. ಕಡಿದು ಹೆಗಲಿನದು ಅಡ್ಡ ಸಿಕ್ಕಿಕೊಳ್ಳಬಹುದು. ಯುದ್ಧಭೂಮಿಯ ಕೆಸರಿಗೆ ಜಾರು ಹೆಗಲು ಲೇಸು, ಶೂಟಿಂಗ್ ರೇಂಜಿನ ಟೇಬಲ್ಲಿಗೆ ಕಡಿದು ಹೆಗಲು ಲೇಸು.

ಕೆಲವು ವೈಲ್ಡ್‌ಕ್ಯಾಟ್‌ಗಳು ಆಮೇಲೆ ಕಂಪನಿ ಮಾಲಾಗಿಬಿಟ್ಟವು. ಓಪನ್ ಸೋರ್ಸ್ ಫೋರ್ಕ್ ಒಂದನ್ನ ಮೂಲ ಪ್ರಾಜೆಕ್ಟೇ ಒಳಗೆ ಸೇರಿಸಿಕೊಂಡ ಹಾಗೆ. .257 ರಾಬರ್ಟ್ಸ್ ಅನ್ನೋದನ್ನ ರೆಮಿಂಗ್ಟನ್ ಕಂಪನಿ 1934ರಲ್ಲಿ ಅಧಿಕೃತ ಮಾಡಿತು, .22-250ಯನ್ನ 1965ರಲ್ಲಿ. ಇದರಲ್ಲಿ .257ರ ತಾಯಿ ಕೋಶ ಯಾವುದು ಗೊತ್ತಾ? ಜರ್ಮನಿಯ 7×57 ಮೌಸರ್. ಅದನ್ನೇ ಲಂಡನ್ನಿನ ರಿಗ್ಬಿ ಕಂಪನಿ .275 ರಿಗ್ಬಿ ಅಂತ ಕರೆದಿದ್ದು. ಚಂಪಾವತ್ ಹುಲಿ ಹೊಡೆದದ್ದಕ್ಕೆ 1907ರಲ್ಲಿ ಜಿಮ್ ಕಾರ್ಬೆಟ್‌ಗೆ ಉಡುಗೊರೆಯಾಗಿ ಸಿಕ್ಕಿದ್ದು ಅದೇ ರೈಫಲ್, ರುದ್ರಪ್ರಯಾಗದ ಚಿರತೆ 1926ರಲ್ಲಿ ಬಿದ್ದಿದ್ದೂ ಅದಕ್ಕೇ. ತೇಜಸ್ವಿಯವರ ಕನ್ನಡದಲ್ಲಿ ಆ ಕಥೆ ಓದಿ ಬೆಳೆದವರು ಇಲ್ಲಿ ಎಷ್ಟು ಜನ ಇದ್ದೀರಿ ಅಂತ ನನಗೆ ಗೊತ್ತು.

ತೇಜಸ್ವಿ ಅಂದಮೇಲೆ ಕೆನೆತ್ ಆಂಡರ್ಸನ್ ಬಿಡೋ ಹಾಗಿಲ್ಲ. ಬೆಂಗಳೂರಿನ ಈ ಮನುಷ್ಯನ ಮೆಚ್ಚಿನ ರೈಫಲ್ .405 ವಿಂಚೆಸ್ಟರ್. ಅದರ ತೋಟಾ 1904ರದ್ದು, ಅಂಚು ಇದೆ, ಹೆಗಲೇ ಇಲ್ಲ, ನೆಟ್ಟಗಿನ ಕೊಳವೆ. ಮಾಗಡಿ, ಜಾಲಹಳ್ಳಿ ಕಡೆಯ ಚಿರತೆಗಳಿಗೆ ಹೆಗಲಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅಂದರೆ ಹೆಗಲು ಇಲ್ಲದೆಯೂ ಕೆಲಸ ನಡೆಯುತ್ತಿತ್ತು. ಹಾಗಿದ್ದರೆ ಇಂಡಿಯಾದಲ್ಲಿ ಹೆಗಲು ಅಷ್ಟು ಮುಖ್ಯ ಆಗಿದ್ದು ಯಾಕೆ? ಕಾರಣ ಮದ್ದಲ್ಲ, ಕಾಯ್ದೆ.

1907: ಕಾಯ್ದೆ ಹಿಂಡಿದ ಕತ್ತು

1857ರ ನಂತರ ಬ್ರಿಟಿಷರಿಗೆ ಒಂದು ಭಯ ಹೋಗಲೇ ಇಲ್ಲ: ಸೈನ್ಯದ ತೋಟಾ ಜನರ ಕೈಗೆ ಸಿಕ್ಕರೆ? ದೇಶೀ ಸಿಪಾಯಿಗಳಿಗೆ ಗೋರಾ ಪಲ್ಟನ್ನಿಗಿಂತ ಒಂದು ತಲೆಮಾರು ಹಳೆಯ ಬಂದೂಕು ಕೊಡೋದು ರೂಢಿ ಆಯ್ತು. 1878ರಲ್ಲಿ ಲಾರ್ಡ್ ಲಿಟ್ಟನ್ ಕಾಲದಲ್ಲಿ ಆಯುಧ ಕಾಯ್ದೆ ಬಂತು. ನಮ್ಮ ಕೊಡಗಿಗೆ ಮಾತ್ರ ಅದಕ್ಕೂ ಮೊದಲೇ, 1861ರಲ್ಲಿ ಚೀಫ್ ಕಮಿಷನರ್ ಮಾರ್ಕ್ ಕಬ್ಬನ್ ವಿನಾಯಿತಿ ಕೊಟ್ಟಿದ್ದರು. ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಆ ವಿನಾಯಿತಿ ಇವತ್ತಿಗೂ ಇದೆ, ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಪೂಜೆ ಮಾಡ್ತಾರೆ. ಉಳಿದವರಿಗೆಲ್ಲ ಲೈಸೆನ್ಸು.

1907ರಲ್ಲಿ ಪಂಜಾಬ್ ಕುದೀತಾ ಇತ್ತು. ಲಾಲಾ ಲಜಪತ್ ರಾಯ್, ಅಜಿತ್ ಸಿಂಗ್ ಅವರನ್ನ ಗಡೀಪಾರು ಮಾಡಿದ್ದು ಅದೇ ವರ್ಷದ ಮೇನಲ್ಲಿ. ವಾಯವ್ಯ ಗಡಿಯಲ್ಲಿ ಹಳೇ ಮಾರ್ಟಿನಿ-ಹೆನ್ರಿಗಳು ಓಡಾಡ್ತಾ ಇದ್ದವು. ಅವಕ್ಕೆ .450 ಗುಂಡು ಸಿಗಬಾರದು ಅಂತ ಸರ್ಕಾರ ಇಂಡಿಯಾ ಮತ್ತು ಸುಡಾನ್‌ಗೆ .450 ಅಳತೆಯ ತೋಟಾಗಳ ಆಮದನ್ನೇ ನಿಷೇಧಿಸಿತು.

ಪೆಟ್ಟು ಬಿದ್ದಿದ್ದು ಯಾರಿಗೆ? ಬಂಡಾಯಗಾರರಿಗಿಂತ ಮೊದಲು ಆನೆ, ಹುಲಿ ಹೊಡೆಯೋ ಸಾಹೇಬರಿಗೆ, ಮಹಾರಾಜರಿಗೆ. ಆಗ ದೊಡ್ಡ ಬೇಟೆಯ ಮಾಮೂಲು ತೋಟಾ ಅಂದ್ರೆ ರಿಗ್ಬಿಯವರ .450 ನೈಟ್ರೋ ಎಕ್ಸ್‌ಪ್ರೆಸ್. 1898ರದ್ದು, ಮೂರೂಕಾಲು ಇಂಚಿನ ನೆಟ್ಟನೆ ಕೋಶ, 31 ಗ್ರಾಂ ಗುಂಡು. ಒಂದೇ ಹುಕುಂಗೆ ಇಡೀ ಮಾರ್ಕೆಟ್ ಬಂದ್.

ಲಂಡನ್, ಬರ್ಮಿಂಗ್‌ಹ್ಯಾಮಿನ ಬಂದೂಕುಗಾರರು ಏನು ಮಾಡಿದ್ರು? ಕೋರ್ಟಿಗೆ ಹೋಗಲಿಲ್ಲ. ಕೋಶದ ಕತ್ತನ್ನ ಬೇರೆ ಅಳತೆಗೆ ಹಿಂಡಿದ್ರು, ಅಷ್ಟೇ. ಜೋಸೆಫ್ ಲ್ಯಾಂಗ್ .500 ಕೋಶದ ಬಾಯಿ ಹಿಂಡಿ .470 ಮಾಡಿದ. ಹಾಲೆಂಡ್ ಅಂಡ್ ಹಾಲೆಂಡ್ .500/465 ಮಾಡಿತು. ಎಲಿ ಕಂಪನಿಯ .475 ನಂಬರ್ 2, ವೆಸ್ಟ್ಲಿ ರಿಚರ್ಡ್ಸ್‌ನ .476, ಎಲ್ಲವೂ ಅದೇ 1907ರ ಫಸಲು. ಗುಂಡಿನ ತೂಕ ಒಂದೆರಡು ಗ್ರಾಂ ಆಚೀಚೆ, ವೇಗ ಸೆಕೆಂಡಿಗೆ 650 ಮೀಟರ್ ಆಸುಪಾಸು. ಆನೆಗೆ ಏನೂ ವ್ಯತ್ಯಾಸ ಗೊತ್ತಾಗಲ್ಲ. ಕಸ್ಟಮ್ಸ್ ಗುಮಾಸ್ತನಿಗೆ ಮಾತ್ರ ಗೊತ್ತಾಗುತ್ತೆ: ಇದು .450 ಅಲ್ಲ, ಹೋಗಲಿ ಬಿಡಿ.

ಕಂಪ್ಲೈಯನ್ಸ್ ಟೀಮಿನ ಜೊತೆ ಕೆಲಸ ಮಾಡಿದವರಿಗೆ ಈ ಕಥೆ ಹೊಸದೇನಲ್ಲ. ರೂಲು ಫೀಲ್ಡಿನ ಹೆಸರನ್ನ ನೋಡುತ್ತೆ, ನಾವು ಫೀಲ್ಡಿನ ಹೆಸರು ಬದಲಾಯಿಸ್ತೀವಿ.

ನಮ್ಮ ಬಿಸಿಲೂ ಕೋಶದ ಆಕಾರದಲ್ಲಿ ಸೇರಿಕೊಂಡಿದೆ. ಆಗಿನ ಕಾರ್ಡೈಟ್ ಮದ್ದು ಬಿಸಿಲಿಗೆ ಕಾದರೆ ಒತ್ತಡ ಏರಿ, ಕೋಶ ಗೂಡಿಗೆ ಕಚ್ಚಿಕೊಂಡು ಹೊರಗೆ ಬರ್ತಿರಲಿಲ್ಲ. ಎದುರಿಗೆ ಗಾಯಗೊಂಡ ಹುಲಿ ಇದ್ದಾಗ ಹಾಗಾದರೆ ಕಥೆ ಮುಗೀತು. ಅದಕ್ಕೇ ಬೇಕಂತಲೇ ಹೊಟ್ಟೆ ದೊಡ್ಡದು ಮಾಡಿ ಒತ್ತಡ ಕಡಿಮೆ ಇಟ್ಟರು. 1911ರ .416 ರಿಗ್ಬಿ ಹಾಗೆ ಹುಟ್ಟಿದ ದೊಡ್ಡ ಹೊಟ್ಟೆಯ ತೋಟಾ, ಹೆಗಲು 45 ಡಿಗ್ರಿ. ಆಕ್ಲಿಗಿಂತ ಎಷ್ಟೋ ಮೊದಲೇ ಕಡಿದು ಹೆಗಲು ಬಂದಿತ್ತು ಅನ್ನೋದಕ್ಕೆ ಅದೇ ಸಾಕ್ಷಿ.

ಕೊನೆಗೂ 315

.450ಗೆ ಆದದ್ದೇ .303ಗೂ ಆಯ್ತು. ಅದು ಸೈನ್ಯದ ತೋಟಾ, ನಾಗರಿಕರಿಗೆ ಇಲ್ಲ. ಆದರೆ ಲೀ ರೈಫಲ್ಲಿನ ಯಂತ್ರ ಚೆನ್ನಾಗಿದೆ, ತಯಾರಿಸೋ ಕಾರ್ಖಾನೆಗಳಿವೆ, ಕೊಳ್ಳೋರಿದ್ದಾರೆ. ಯಂತ್ರ ಅದೇ ಇರಬೇಕು, ತೋಟಾ ಬೇರೆ ಆಗಬೇಕು. ಹೊಸದಾಗಿ ಯಾಕೆ ಮಾಡಬೇಕು? ಆಸ್ಟ್ರಿಯಾ ಸೈನ್ಯದ ಹತ್ತಿರ 1890ರ ದಶಕದಿಂದ 8×50 ಮ್ಯಾನ್‌ಲಿಕರ್ ಅನ್ನೋ ತೋಟಾ ಇತ್ತು. ಅದಕ್ಕೂ ಅಂಚಿದೆ, ಬುಡದ ಅಳತೆ .303ಗೆ ಹತ್ತಿರ, ಹಾಗಾಗಿ ಲೀ ಯಂತ್ರಕ್ಕೆ ಹೊಂದುತ್ತೆ. ಆದರೆ ಕೋಶ ಗಿಡ್ಡ: .303ರದ್ದು 56 ಮಿಲಿಮೀಟರ್, ಇದು 50. ಹೆಗಲು ಹಿಂದೆ ಇದೆ. .303 ತೋಟಾವನ್ನ ಇದರ ಗೂಡಿಗೆ ತುರುಕಿದರೆ ಹೆಗಲು ಮೊದಲೇ ಬಡಿದು ನಿಲ್ಲುತ್ತೆ, ಬೋಲ್ಟ್ ಮುಚ್ಚೋದಿಲ್ಲ. ಸರ್ಕಾರಕ್ಕೆ ಬೇಕಾಗಿದ್ದು ಅದೇ: ಸೈನ್ಯದಿಂದ ಕದ್ದ ತೋಟಾ ನಾಗರಿಕರ ಬಂದೂಕಿಗೆ ಹತ್ತಬಾರದು.

ಈಗ ಹೆಸರಿನ ಗುಟ್ಟು. 8 ಮಿಲಿಮೀಟರನ್ನ 25.4ರಿಂದ ಭಾಗಿಸಿ. 0.315. ಅಷ್ಟೇ! ಆಸ್ಟ್ರಿಯಾದ ಎಂಟು ಮಿಲಿಮೀಟರು ಇಂಚಿನ ವೇಷ ಹಾಕಿಕೊಂಡು "ತೀನ್ ಸೌ ಪಂದ್ರಾ" ಆಗಿ ಗಾಜಿಯಾಬಾದಿನಲ್ಲಿ ಕೂತಿದೆ.

ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ ಕಂಪನಿ ಇಂಡಿಯಾಕ್ಕೆಂದೇ ಈ ರೈಫಲ್ ಮಾರಿತು. ಸ್ವಾತಂತ್ರ್ಯದ ನಂತರ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆ ಅದನ್ನೇ ಮುಂದುವರಿಸಿತು. 1959ರ ಆಯುಧ ಕಾಯ್ದೆಯಲ್ಲೂ ತರ್ಕ ಬದಲಾಗಲಿಲ್ಲ. .303, 7.62, 9 ಮಿಲಿಮೀಟರ್ ಇವೆಲ್ಲ "ನಿಷೇಧಿತ ಬೋರ್", .315 ಮತ್ತು .30-06 ನಿಷೇಧಿತವಲ್ಲ. ತಮಾಷೆ ನೋಡಿ, .30-06 ಎರಡು ಮಹಾಯುದ್ಧಗಳಲ್ಲಿ ಅಮೆರಿಕ ಸೈನ್ಯದ ತೋಟಾ, .303ಗಿಂತ ಜೋರಿನದು. ಆದರೆ ನಮ್ಮ ಸೈನ್ಯದ್ದಲ್ಲ, ಆದ್ದರಿಂದ ಪರವಾಗಿಲ್ಲ! ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯ 1918ಕ್ಕೇ ಮಾಯ ಆಯ್ತು, ಅದರ ತೋಟಾ ಮಾತ್ರ ನೂರು ವರ್ಷದ ಮೇಲೂ ನಮ್ಮ ಮದುವೆ ಮನೆಗಳಲ್ಲಿ ಬದುಕಿದೆ.

ಲೈಸೆನ್ಸಿಗೆ ಸಿಗೋ ತೋಟಾ ಅದೇ ಆದ್ದರಿಂದ ಕಳ್ಳ ಕಟ್ಟಾಗಳೂ ಅದೇ ಅಳತೆಗೆ ತಯಾರಾಗ್ತವೆ. ಹೆಗಲಿನ ಅಳತೆ, ಒತ್ತಡ ಅನ್ನೋ ಯಾವ ಲೆಕ್ಕವೂ ಇಲ್ಲದ ಕಬ್ಬಿಣದ ಕೊಳವೆಗೆ ರೈಫಲ್ ತೋಟಾ. ಎಷ್ಟೋ ಸಲ ಅದು ಹಿಡಿದವನ ಕೈಯನ್ನೇ ತೆಗೆಯುತ್ತೆ. ಸೈನ್ಯದ ತೋಟಾ ಜನರ ಕೈ ಸೇರಬಾರದು ಅಂತ ಮಾಡಿದ ನಿಯಮ ಜನರಿಗೆ ತಮ್ಮದೇ ಆದ ಒಂದು ತೋಟಾವನ್ನ ಕೊಟ್ಟುಬಿಟ್ಟಿತು.

ಬಿಂದಿಗೆ ಏನಾಯ್ತು?

ನೂರು ವರ್ಷ ಕಾಯ್ದೆ ಹೆಚ್ಚಾಗಿ ನೋಡಿದ್ದು ತೋಟಾದ ಆಕಾರವನ್ನ, ಅದನ್ನ ಹಿಡಿಯೋ ಕೈಯ ಲೈಸೆನ್ಸನ್ನ. ಆ ಕೈ ಮದುವೆಯಲ್ಲಿ ಏನು ಮಾಡುತ್ತೆ ಅನ್ನೋದನ್ನ ಆಯುಧ ಕಾಯ್ದೆ ನೇರವಾಗಿ ಹೆಸರಿಸಿದ್ದು 2019ರ ತಿದ್ದುಪಡಿಯಲ್ಲಿ. ಸಂಭ್ರಮಕ್ಕೆ ಅಂತ ಅಜಾಗರೂಕತೆಯಿಂದ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಈಗ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮದುವೆಗೆ ಬಂದ ಗುಂಡೂ ಸೇರಿದೆ ಅದರಲ್ಲಿ, ಲೈಸೆನ್ಸ್ ಇದ್ದರೂ ಸರಿ.

ಹಾಗಾಗಿ ನಾವು ಆ ಖಾಲಿ ಕೋಶವನ್ನ ಮನೆಯಲ್ಲಿ ಇಟ್ಟುಕೊಳ್ಳಲಿಲ್ಲ. ಸೊಸೈಟಿಯವರ ಜೊತೆ ಹೋಗಿ ದೂರು ಬರೆದು ಕೊಟ್ಟು ಬಂದ್ವಿ. ಹೊರಟಾಗ ಪಕ್ಕದ ಮನೆಯವರು "ಇಲ್ಲಿ ಇದೆಲ್ಲ ನಡೆಯುತ್ತೆ, ನೀವು ಹೊರಗಿನವರು, ಸುಮ್ನೆ ಯಾಕೆ" ಅಂದ್ರು. ಕೆಟ್ಟ ಮನಸ್ಸಿನಿಂದ ಅಲ್ಲ, ಕಾಳಜಿಯಿಂದಲೇ ಅಂದ್ರು. ನಾನು ಆಗ ಏನೂ ಹೇಳಲಿಲ್ಲ. ಈಗ ಹೇಳ್ತೀನಿ. ಹೊರಗಿನವರು ಅನ್ನೋದು ಮೇಲಿಂದ ಬೀಳೋ ಗುಂಡಿಗೆ ಗೊತ್ತಾಗಲ್ಲ. ನಮ್ಮ ಮಗು ಆಡೋದು ಇದೇ ಗೇಟಿನ ಹತ್ತಿರ.

ಮಗಳು ಒಂದು ವಾರ ಬಿಂದಿಗೆ ಎಲ್ಲಿ ಅಂತ ಕೇಳಿದಳು. ಆಮೇಲೆ ಊರಿಗೆ ಹೋದಾಗ ಅಮ್ಮ ಅವಳಿಗೆ ಆಟದ ತಾಮ್ರದ ಬಿಂದಿಗೆಯೊಂದನ್ನ ಕೊಡಿಸಿದ್ರು. ಈಗ ಅದರಲ್ಲಿ ಬಾಲ್ಕನಿಯ ತುಳಸಿಗೆ ನೀರು ಹಾಕ್ತಾಳೆ.

ನೀವಿರೋ ಕಡೆ ಮದುವೆ ಸೀಸನ್ನಿನಲ್ಲಿ ಗುಂಡಿನ ಸದ್ದು ಕೇಳಿದರೆ ಬಾಲ್ಕನಿಗೆ ಬಂದು ನೋಡಬೇಡಿ, ಮಕ್ಕಳನ್ನ ಒಳಗೆ ಕರ್ಕೊಳ್ಳಿ, 112ಕ್ಕೆ ಫೋನ್ ಮಾಡಿ. ಕೊಡಗಿನವರು, ಮಲೆನಾಡಿನವರು ಯಾರಾದ್ರೂ ನಿಮ್ಮ ಮನೆಯ ಹಳೇ ಕೋವಿಯ ಕಥೆ ಇದ್ದರೆ ಬರೆದು ಕಳಿಸಿ, ಇನ್ನೊಂದು ಸಂಚಿಕೆ ಮಾಡೋಣ. ಮುಂದಿನ ವಾರ ಸಿಗ್ತೀನಿ. ನಮಸ್ಕಾರ.